ಹೊಟ್ಟೆ ಹುಣ್ಣಿಗೆ ಗಿಡಮೂಲಿಕೆ: ಇಲಿಯ ಜಠರದಾಚೆಗಿನ ಪರೀಕ್ಷೆ

ಜಠರದ ಹುಣ್ಣಿಗೆ ಗಿಡಮೂಲಿಕೆಗಳ ಸಾರ ಮದ್ದಾಗಬಲ್ಲದೇ ಎಂಬ ಪ್ರಶ್ನೆಗೆ ಭಾರತದ ಔಷಧವಿಜ್ಞಾನ ಕಾಲೇಜುಗಳು ಹಲವು ದಶಕಗಳಿಂದ ಉತ್ತರ ಹುಡುಕುತ್ತಿವೆ. ಕಾಡಿನಿಂದಲೋ ಹೊಲದ ಬದುವಿನಿಂದಲೋ ಒಂದು ಸಸ್ಯವನ್ನು ತಂದು, ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲೋ ನೀರಿನಲ್ಲೋ ಅದರ ಸಾರ ತೆಗೆದು, ಬಿಳಿ ಇಲಿಗಳಿಗೆ ಕುಡಿಸಿ, ಅವುಗಳ ಜಠರದಲ್ಲಿ ಕೃತಕವಾಗಿ ಹುಟ್ಟಿಸಿದ ಹುಣ್ಣು ಎಷ್ಟರಮಟ್ಟಿಗೆ ತಗ್ಗಿತೆಂದು ಅಳೆಯುವ ಈ ಬಗೆಯ ಅಧ್ಯಯನಗಳು ಲೆಕ್ಕವಿಲ್ಲದಷ್ಟು ಪ್ರಕಟವಾಗಿವೆ. ಸಸ್ಯದ ಹೆಸರು ಬದಲಾದರೂ ಅವುಗಳಲ್ಲಿ ಹೆಚ್ಚಿನವು ತಲುಪುವ ತೀರ್ಮಾನ ಒಂದೇ ಆಗಿರುತ್ತದೆ: ಈ ಸಸ್ಯದಲ್ಲಿ ಹುಣ್ಣನ್ನು ತಡೆಯುವ ಗುಣವಿದೆ, ಮುಂದಿನ ಸಂಶೋಧನೆ ಅಗತ್ಯ. ಆ ಮುಂದಿನ ಸಂಶೋಧನೆ ಮಾತ್ರ ಬಹುಮಟ್ಟಿಗೆ ನಡೆಯುವುದೇ ಇಲ್ಲ. ನಡೆದಾಗಲೂ ಅದರ ಫಲಿತಾಂಶ ಆ ಸಸ್ಯವನ್ನು ನಂಬಿ ಬಳಸುವವರ ಕಿವಿಗೆ ಬೀಳುವುದಿಲ್ಲ.

ಈ ಕೊರತೆಯನ್ನು ಹತ್ತಿರದಿಂದ ಪರಿಶೀಲಿಸಲು ಕರ್ನಾಟಕದ ದಕ್ಷಿಣ ತುದಿಯ ಚಾಮರಾಜನಗರ ಜಿಲ್ಲೆ ತಕ್ಕ ನೆಲೆಯಾಗಿದೆ. 1997ರವರೆಗೆ ಮೈಸೂರು ಜಿಲ್ಲೆಯ ಭಾಗವಾಗಿದ್ದ ಈ ಸೀಮೆಯಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳು ಮಾಗಳಿ ಬೇರು, ನೆಲ್ಲಿಕಾಯಿ, ಅಂಟುವಾಳ, ಸೀಗೆಕಾಯಿಗಳನ್ನು ಕೊಡುತ್ತವೆ. ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ನೀರಾವರಿ ಹೊಲಗಳಲ್ಲಿ ಅರಿಶಿನ ಬೆಳೆಯುತ್ತದೆ. ಮಳೆಯನ್ನೇ ನಂಬಿದ ಭೂಮಿಯಲ್ಲಿ ರಾಗಿ, ಜೋಳ, ಹುರುಳಿಗಳಿವೆ. ಇವುಗಳ ಪೈಕಿ ಮಾಗಳಿ, ಅರಿಶಿನ, ಹುರುಳಿ ಮೂರೂ ಜಠರದ ಹುಣ್ಣಿನ ವಿಷಯದಲ್ಲಿ ವಿಜ್ಞಾನಿಗಳ ಪರೀಕ್ಷೆಗೆ ಒಳಗಾಗಿವೆ. ಆದರೆ ಒಂದೊಂದರ ಪರೀಕ್ಷೆಯೂ ಒಂದೊಂದು ಕಡೆ ನಿಂತಿದೆ. ಅವು ಎಲ್ಲೆಲ್ಲಿ ನಿಂತವು, ಏಕೆ ನಿಂತವು ಎಂದು ವಿಚಾರಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪರೀಕ್ಷೆ ಎನ್ನುವುದು ‘ಇದರಿಂದ ಆಗುವುದಿಲ್ಲ’ ಎಂಬ ಉತ್ತರವನ್ನೂ ಕೊಡಲು ಶಕ್ತವಾಗಿರಬೇಕು. ಹಾಗಿಲ್ಲದ ಪರೀಕ್ಷೆಯಿಂದ ರೋಗಿಗೆ ಪ್ರಯೋಜನವಿಲ್ಲ. ಆ ಸಸ್ಯದ ತಿಳಿವಳಿಕೆಯನ್ನು ಕಾಪಾಡಿಕೊಂಡು ಬಂದ ಪರಂಪರೆಗೂ ಅದರಿಂದ ಗೌರವ ಸಲ್ಲುವುದಿಲ್ಲ.

ಮೊದಲು ರೋಗದ ಸ್ವರೂಪ. ಜಠರ ಸ್ರವಿಸುವ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಮಾಂಸವನ್ನೂ ಜೀರ್ಣಿಸಬಲ್ಲವು. ಆದರೂ ಜಠರ ತನ್ನನ್ನು ತಾನು ಜೀರ್ಣಿಸಿಕೊಳ್ಳದಿರುವುದಕ್ಕೆ ಅದರ ಒಳಪದರದ ಮೇಲಿರುವ ಲೋಳೆ, ಅದರಡಿ ಸ್ರವಿಸುವ ಕ್ಷಾರ, ಸತತ ರಕ್ತಸಂಚಾರ, ಮತ್ತು ಇವೆಲ್ಲವನ್ನೂ ನಿಯಂತ್ರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಕಾರಣ. ಈ ರಕ್ಷಣೆ ಕುಸಿದೆಡೆ ಒಳಪದರವನ್ನು ದಾಟಿ ಆಳಕ್ಕಿಳಿಯುವ ಗಾಯವೇ ಹುಣ್ಣು, ಜನರ ಬಾಯಲ್ಲಿ ಅಲ್ಸರ್. ಅದು ಜಠರದಲ್ಲಿ ಆಗಬಹುದು, ಅಥವಾ ಜಠರದ ಮುಂದಿರುವ ಸಣ್ಣಕರುಳಿನ ಮೊದಲ ಭಾಗವಾದ ಡ್ಯೂಡೆನಮ್‌ನಲ್ಲಿ ಆಗಬಹುದು. ಆಯುರ್ವೇದದ ಗ್ರಂಥಗಳು ವರ್ಣಿಸುವ ಪರಿಣಾಮಶೂಲ, ಅಂದರೆ ಆಹಾರ ಜೀರ್ಣವಾಗುವ ಹೊತ್ತಿಗೆ ಏಳುವ ನೋವು, ಈ ಎರಡನೆಯ ಬಗೆಯನ್ನು ಬಹಳವಾಗಿ ಹೋಲುತ್ತದೆ. ಅಮ್ಲಪಿತ್ತವೆಂದು ಅವು ಕರೆಯುವ ಎದೆ ಉರಿ, ಹುಳಿತೇಗುಗಳ ಸ್ಥಿತಿ ಹುಣ್ಣಿಲ್ಲದೆಯೂ ಇರಬಲ್ಲದು. ಈ ಭೇದ ಮುಖ್ಯ, ಏಕೆಂದರೆ ಇಂದು ಹಳ್ಳಿ ಪಟ್ಟಣಗಳಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ಇವೆಲ್ಲವೂ ಅಡಕವಾಗುತ್ತವೆ, ಮತ್ತು ಎದೆ ಉರಿಯನ್ನು ಶಮನಗೊಳಿಸಿದ ಕಷಾಯವೊಂದು ಹುಣ್ಣನ್ನೇ ಮಾಯಿಸಿತೆಂಬ ನಂಬಿಕೆ ಸುಲಭವಾಗಿ ಹುಟ್ಟುತ್ತದೆ.

ಇಪ್ಪತ್ತನೆಯ ಶತಮಾನದ ಬಹುಭಾಗ ಹುಣ್ಣಿಗೆ ಆಮ್ಲ, ಖಾರ, ಮನಸ್ಸಿನ ಒತ್ತಡಗಳೇ ಕಾರಣವೆಂದು ವೈದ್ಯಲೋಕ ನಂಬಿತ್ತು. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಸಿಮೆಟಿಡಿನ್, 1988ರಲ್ಲಿ ಬಂದ ಒಮೆಪ್ರಜೋಲ್ ಆಮ್ಲವನ್ನು ತಗ್ಗಿಸಿ ಹುಣ್ಣನ್ನು ಮಾಯಿಸಿದವು. ಆದರೆ ಇಂಥ ಮಾತ್ರೆ ನಿಲ್ಲಿಸಿದ ವರ್ಷದೊಳಗೆ ಬಹುಪಾಲು ರೋಗಿಗಳಲ್ಲಿ ಹುಣ್ಣು ಮರಳುತ್ತಿತ್ತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದಿಂದ ಬೆಳೆಸಿ ತೋರಿಸಿದ, ಮುಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರಾದ ಸುರುಳಿಯಾಕಾರದ ಬ್ಯಾಕ್ಟೀರಿಯ ಈ ಒಗಟನ್ನು ಬಿಡಿಸಿತು. ಅದನ್ನು ಪ್ರತಿಜೀವಕಗಳಿಂದ ನಿರ್ಮೂಲ ಮಾಡಿದರೆ ಹುಣ್ಣು ಮರುಕಳಿಸುವುದು ಬಹಳಷ್ಟು ತಪ್ಪುತ್ತದೆಂದು ತಿಳಿದ ಮೇಲೆ ಚಿಕಿತ್ಸೆಯ ಗುರಿಯೇ ಬದಲಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಎರಡನೆಯ ದೊಡ್ಡ ಕಾರಣ ನೋವಿನ ಮಾತ್ರೆಗಳು. ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆದು ಜಠರದ ರಕ್ಷಣೆಯನ್ನೇ ಸಡಿಲಿಸುತ್ತವೆ. ಕಬ್ಬಿನ ಗದ್ದೆಯಲ್ಲೋ ಅರಿಶಿನದ ಹೊಲದಲ್ಲೋ ದಿನವಿಡೀ ಬಗ್ಗಿ ದುಡಿದು, ಸೊಂಟನೋವಿಗೆ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ಮಾತ್ರೆ ತರಿಸಿಕೊಳ್ಳುವ ಕೂಲಿಯಾಳಿನ ಹುಣ್ಣಿಗೆ ಬ್ಯಾಕ್ಟೀರಿಯಕ್ಕಿಂತ ಆ ಮಾತ್ರೆಯೇ ಕಾರಣವಾಗಿರಬಹುದು. ಎರಡೂ ಹುಣ್ಣುಗಳು ನೋವಿನಲ್ಲಿ ಒಂದೇ ಬಗೆಯಾಗಿ ತೋರಿದರೂ ಚಿಕಿತ್ಸೆಯಲ್ಲಿ ಒಂದೇ ಅಲ್ಲ. ಆದ್ದರಿಂದ ಯಾವುದೇ ಸಸ್ಯ ‘ಹುಣ್ಣಿಗೆ’ ಒಳ್ಳೆಯದೆಂದು ಹೇಳಿದರೆ ಯಾವ ಹುಣ್ಣಿಗೆ ಎಂಬ ಪ್ರಶ್ನೆ ಕೂಡಲೇ ಎದುರಾಗಬೇಕು.

ಇಲಿಯ ಮೇಲಿನ ಪರೀಕ್ಷೆಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸುತ್ತವೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಒಂದು ದಿನ ಉಪವಾಸವಿಟ್ಟ ಇಲಿಗೆ ಸಸ್ಯಸಾರ ಕುಡಿಸಿ, ಸುಮಾರು ಒಂದು ಗಂಟೆಯ ನಂತರ ಒಂದು ಮಿಲಿಲೀಟರಿನಷ್ಟು ಶುದ್ಧ ಎಥನಾಲ್ ಅನ್ನು ನಳಿಕೆಯ ಮೂಲಕ ಜಠರಕ್ಕೆ ಬಿಡುತ್ತಾರೆ. ಇನ್ನೊಂದು ಗಂಟೆಯ ಹೊತ್ತಿಗೆ ಒಳಪದರದ ಮೇಲೆ ಕೆಂಪು ಗೆರೆಗಳಂತೆ ರಕ್ತಸ್ರಾವದ ಗಾಯಗಳು ಮೂಡುತ್ತವೆ. ಪ್ರಾಣಿಯನ್ನು ಕೊಂದು ಜಠರವನ್ನು ಸೀಳಿ, ಆ ಗೆರೆಗಳ ಸಂಖ್ಯೆ, ಉದ್ದ, ತೀವ್ರತೆಗಳಿಗೆ ಅಂಕ ಕೊಟ್ಟು ‘ಹುಣ್ಣಿನ ಸೂಚ್ಯಂಕ’ ಲೆಕ್ಕ ಹಾಕುತ್ತಾರೆ. 1945ರಲ್ಲಿ ಶೇ ಎಂಬ ವೈದ್ಯ ಮತ್ತು ಅವರ ಸಂಗಡಿಗರು ರೂಪಿಸಿದ ಇನ್ನೊಂದು ವಿಧಾನದಲ್ಲಿ ಜಠರದ ಹೊರದಾರಿಯನ್ನು ದಾರದಿಂದ ಕಟ್ಟಿ, ಆಮ್ಲ ಅಲ್ಲಿಯೇ ಶೇಖರವಾಗುವಂತೆ ಮಾಡಲಾಗುತ್ತದೆ. ಆಸ್ಪಿರಿನ್ ಇಲ್ಲವೇ ಇಂಡೊಮೆಥಾಸಿನ್ ಕೊಟ್ಟೂ, ಚಳಿಯಲ್ಲಿ ಅಲುಗದಂತೆ ಬಂಧಿಸಿಟ್ಟೂ ಹುಣ್ಣು ಬರಿಸುವ ಕ್ರಮಗಳಿವೆ. ಹೋಲಿಕೆಗೆ ಒಂದು ಗುಂಪಿಗೆ ಒಮೆಪ್ರಜೋಲ್ ಅಥವಾ ರಾನಿಟಿಡಿನ್ ಕೊಟ್ಟಿರುತ್ತಾರೆ.

ಇಲ್ಲಿ ಗಮನಿಸಬೇಕಾದ ಮೊದಲ ಅಂಶವೆಂದರೆ ಸಾರವನ್ನು ಗಾಯವಾಗುವ ಮೊದಲೇ ಕೊಟ್ಟಿರುತ್ತಾರೆ, ಹುಣ್ಣು ಹೊತ್ತು ಬರುವ ರೋಗಿ ಮಾತ್ರ ಗಾಯವಾದ ಮೇಲೆ ಬರುತ್ತಾನೆ. ಹಾಗಾಗಿ ಈ ಪರೀಕ್ಷೆ ಅಳೆಯುವುದು ತಡೆಯುವ ಶಕ್ತಿಯನ್ನೇ ಹೊರತು ಮಾಯಿಸುವ ಶಕ್ತಿಯನ್ನಲ್ಲ. ಇನ್ನೂ ತೊಡಕಿನ ಅಂಶ ಒಗರಿನದು. ಗಿಡದ ತೊಗಟೆ, ಎಲೆ, ಹಸಿಗಾಯಿಗಳಲ್ಲಿ ಸಾಮಾನ್ಯವಾದ ಟ್ಯಾನಿನ್ ಎಂಬ ಒಗರು ವಸ್ತು ಪ್ರೋಟೀನನ್ನು ಹೆಪ್ಪುಗಟ್ಟಿಸಿ ಜಠರದ ಮೇಲ್ಮೈಯಲ್ಲಿ ತೆಳುವಾದ ಹೊದಿಕೆಯನ್ನು ಮಾಡುತ್ತದೆ, ಆ ಹೊದಿಕೆ ಎಥನಾಲಿನ ಪೆಟ್ಟನ್ನು ತಡೆಯುತ್ತದೆ. ಅಂದರೆ ಒಗರಿರುವ ಯಾವ ಸಸ್ಯವೂ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಉತ್ತೀರ್ಣವಾಗಬಲ್ಲದು. ಅದಕ್ಕೂ ಮಿಗಿಲಾಗಿ, ಅಮೆರಿಕದ ಆಂಡ್ರೆ ರಾಬರ್ಟ್ 1980ರ ದಶಕದ ಆರಂಭದಲ್ಲಿ ತೋರಿಸಿದಂತೆ, ತಿಳಿಯಾದ ಮದ್ಯಸಾರ, ತಿಳಿಯಾದ ಆಮ್ಲದಂಥ ಸೌಮ್ಯ ಉದ್ರೇಕಕಾರಿಗಳನ್ನು ಮೊದಲೇ ಕೊಟ್ಟರೂ ಇಲಿಯ ಜಠರ ಎಚ್ಚೆತ್ತು, ಪ್ರೊಸ್ಟಗ್ಲಾಂಡಿನ್ ಹೆಚ್ಚಿಸಿಕೊಂಡು, ಆನಂತರದ ತೀವ್ರ ಪೆಟ್ಟಿನಿಂದ ತನ್ನನ್ನು ರಕ್ಷಿಸಿಕೊಳ್ಳುತ್ತದೆ. ಜಠರಕ್ಕೆ ಸ್ವಲ್ಪ ಕಿರಿಕಿರಿ ಮಾಡುವ ವಸ್ತುವೂ ಈ ಪರೀಕ್ಷೆಯಲ್ಲಿ ಮದ್ದಾಗಿ ಕಾಣಿಸಬಲ್ಲದೆಂದರೆ, ಇದರಲ್ಲಿ ಸೋಲುವ ಸಸ್ಯ ಅಪರೂಪವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಜಠರದ ಗೋಡೆಗೆ ಅಸಿಟಿಕ್ ಆಮ್ಲ ತಾಗಿಸಿ, ವಾರಗಟ್ಟಲೆ ಉಳಿಯುವ ಆಳವಾದ ಹುಣ್ಣು ಬರಿಸಿ, ಆಮೇಲೆ ಮದ್ದು ಕೊಟ್ಟು ಮಾಯುವ ಗತಿಯನ್ನು ಗಮನಿಸುವ ವಿಧಾನ ಮನುಷ್ಯನ ಹುಣ್ಣಿಗೆ ಹೆಚ್ಚು ಸಮೀಪ. ಆದರೆ ಅದಕ್ಕೆ ಸಮಯ, ಶಸ್ತ್ರಕೌಶಲ, ಹಣ ಮೂರೂ ಬೇಕು, ಸ್ನಾತಕೋತ್ತರ ಪ್ರಬಂಧವೊಂದರ ಅವಧಿಗೆ ಅದು ಹೊಂದುವುದಿಲ್ಲ.

ಮಾಗಳಿ ಬೇರಿನ ಪರೀಕ್ಷೆ ಈ ಸಾಮಾನ್ಯ ಮಟ್ಟಕ್ಕಿಂತ ಮೇಲಿನದು. ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬ ಶಾಸ್ತ್ರೀಯ ಹೆಸರಿನ ಈ ಬಳ್ಳಿ ಬಂಡೆಗಳ ಸಂದಿನಲ್ಲಿ, ಒಣ ಕಾಡುಗಳ ಇಳಿಜಾರಿನಲ್ಲಿ ಹಬ್ಬುತ್ತದೆ. ಮಣ್ಣಿನಡಿ ಗೊಂಚಲಾಗಿ ಬೆಳೆಯುವ, ಬೆರಳಿಗಿಂತ ದಪ್ಪನೆಯ, ರಸಭರಿತವಾದ ಅದರ ಬೇರನ್ನು ಕೆರೆದು, ಒಳಗಿನ ನಾರಿನ ದಂಡನ್ನು ತೆಗೆದು, ಹೆಚ್ಚಿ ಉಪ್ಪಿನಕಾಯಿ ಹಾಕುವುದು ಮೈಸೂರು ಸೀಮೆಯ ಮನೆಗಳಲ್ಲಿ ಹಳೆಯ ರೂಢಿ. ಅದರ ಘಮಕ್ಕೆ ವೆನಿಲಾದ ಸುವಾಸನೆಯ ವಸ್ತುವಿಗೆ ರಚನೆಯಲ್ಲಿ ತೀರ ಹತ್ತಿರದ ಒಂದು ಆಲ್ಡಿಹೈಡ್ ಕಾರಣ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಬೇರಿನಿಂದ ಪೆಕ್ಟಿನ್ ಜಾತಿಯ, ಫೀನಾಲುಗಳು ಬೆಸೆದುಕೊಂಡ ಒಂದು ಬಹುಶರ್ಕರವನ್ನು ಬೇರ್ಪಡಿಸಿದರು. ಅದು ಇಲಿಗಳಲ್ಲಿ ಈಜಿನ ಒತ್ತಡದಿಂದಲೂ ಎಥನಾಲಿನಿಂದಲೂ ಬರುವ ಹುಣ್ಣನ್ನು ತಗ್ಗಿಸಿದ್ದಲ್ಲದೆ, ಜಠರದ ಕೋಶಗಳಲ್ಲಿ ಆಮ್ಲವನ್ನು ಹೊರದೂಡುವ ಪ್ರೋಟಾನ್ ಪಂಪ್ ಎಂಬ ಕಿಣ್ವವನ್ನು ತಡೆಯುವುದನ್ನೂ, ಹೆಲಿಕೋಬ್ಯಾಕ್ಟರ್ ಪೈಲೋರಿಯ ಬೆಳವಣಿಗೆಯನ್ನು ಪ್ರಯೋಗಾಲಯದಲ್ಲಿ ಕುಗ್ಗಿಸುವುದನ್ನೂ ಅವರು ದಾಖಲಿಸಿದರು. ಬರಿಯ ಸಾರವೊಂದನ್ನು ಕುಡಿಸಿ ಗೆರೆ ಎಣಿಸುವುದಕ್ಕೆ ತೃಪ್ತರಾಗದೆ, ಸಾರದೊಳಗಿನ ಯಾವ ವಸ್ತು ಯಾವ ಬಾಗಿಲಿನಲ್ಲಿ ಕೆಲಸ ಮಾಡುತ್ತದೆಂದು ಹುಡುಕಿದ್ದು ಈ ಅಧ್ಯಯನದ ಹೆಗ್ಗಳಿಕೆ. ಈ ಸೀಮೆಯ ಸಸ್ಯವೊಂದರ ಮೇಲೆ ಈ ಸೀಮೆಯಲ್ಲೇ ನಡೆದ ಇಂಥ ಕೆಲಸ ಅಭಿಮಾನಕ್ಕೆ ಅರ್ಹವಾದದ್ದು.

ಆದರೂ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯವನ್ನು ಕೊಲ್ಲುವುದು ಬೇರೆ, ಜಠರದ ಲೋಳೆಯಡಿ ಅಡಗಿದ ಬ್ಯಾಕ್ಟೀರಿಯವನ್ನು ಕೊಲ್ಲುವುದು ಬೇರೆ. ತಟ್ಟೆಯಲ್ಲಿ ಸೋಲುವ ಈ ಸೂಕ್ಷ್ಮಜೀವಿ ಜಠರದಲ್ಲಿ ಎಷ್ಟು ಹಠಮಾರಿಯೆಂದರೆ, ಅದನ್ನು ಒಂದೇ ಪ್ರತಿಜೀವಕದಿಂದ ನಿರ್ಮೂಲ ಮಾಡಲಾಗದೆ ಎರಡು ಅಥವಾ ಹೆಚ್ಚು ಔಷಧಗಳನ್ನು ಆಮ್ಲನಿರೋಧಕದೊಡನೆ ಸಾಮಾನ್ಯವಾಗಿ ಹದಿನಾಲ್ಕು ದಿನ ಕೊಡಬೇಕಾಗುತ್ತದೆ. ಪ್ರಮಾಣದ ಪ್ರಶ್ನೆಯೂ ಇದೆ. ಇಲಿಗಳ ಮೇಲಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾಣ ದೇಹತೂಕದ ಒಂದು ಕಿಲೋಗೆ 200 ಅಥವಾ 400 ಮಿಲಿಗ್ರಾಂ. ದೇಹದ ಮೇಲ್ಮೈ ವಿಸ್ತೀರ್ಣವನ್ನು ಆಧರಿಸಿದ ಪ್ರಚಲಿತ ಲೆಕ್ಕದಂತೆ ಇದನ್ನು 6.2ರಿಂದ ಭಾಗಿಸಿ 60 ಕಿಲೋ ತೂಕದ ಮನುಷ್ಯನಿಗೆ ಅನ್ವಯಿಸಿದರೆ ದಿನಕ್ಕೆ ಸುಮಾರು 2ರಿಂದ 4 ಗ್ರಾಂ ಒಣಸಾರ ಬೇಕಾಗುತ್ತದೆ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುವುದಾದರೆ ಅದು 20ರಿಂದ 40 ಗ್ರಾಂ ಒಣ ಎಲೆಗೆ ಸಮ. ನಾಟಿವೈದ್ಯರು ಕೊಡುವ ಒಂದು ಲೋಟ ಕಷಾಯಕ್ಕೂ ಪ್ರಯೋಗಾಲಯದ ಸಾರಕ್ಕೂ ನಡುವೆ ಇರುವ ಈ ಅಂತರವನ್ನು ಲೆಕ್ಕ ಹಾಕಿ ತೋರಿಸುವ ಲೇಖಕರು ಕಡಿಮೆ.

ಮನುಷ್ಯರ ಮೇಲೆ ಪರೀಕ್ಷೆ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಅರಿಶಿನದ ಕಥೆಗಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಗುಂಡ್ಲುಪೇಟೆಯ ರೈತ ಚಳಿಗಾಲದ ಕೊನೆಗೆ ಅಗೆದ ಗೆಡ್ಡೆಗಳನ್ನು ಬೇಯಿಸಿ, ಬಿಸಿಲಿಗೆ ಹರಡಿ, ಉಜ್ಜಿ ಹೊಳಪು ಕೊಟ್ಟು, ಬೆಲೆ ನೋಡಿಕೊಂಡು ತಮಿಳುನಾಡಿನ ಈರೋಡ್ ಮಾರುಕಟ್ಟೆಗೂ ಕಳಿಸುತ್ತಾನೆ. ಆ ಕೊಂಬುಗಳಲ್ಲಿ ಕರ್ಕ್ಯುಮಿನ್ ಎಂಬ ಹಳದಿ ವಸ್ತು ತೂಕದ ಶೇಕಡ ಕೆಲವೇ ಪಾಲಿನಷ್ಟು ಇರುತ್ತದೆ. ಥಾಯ್ಲೆಂಡಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಂಡೋಸ್ಕೋಪಿಯಿಂದ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ನಳಿಕೆ ಇಳಿಸಿ ನೋಡಿ, ಹುಣ್ಣು ಖಚಿತವಾದ 25 ರೋಗಿಗಳಿಗೆ ದಿನಕ್ಕೆ ಐದು ಬಾರಿ 600 ಮಿಲಿಗ್ರಾಂ ಅರಿಶಿನ ಕೊಡಲಾಯಿತು. ನಾಲ್ಕು ವಾರಗಳಲ್ಲಿ 12 ಮಂದಿಯ, ಹನ್ನೆರಡು ವಾರಗಳ ಹೊತ್ತಿಗೆ 19 ಮಂದಿಯ ಹುಣ್ಣು ಮಾಯಿತು. ಈ ಸಂಖ್ಯೆಗಳನ್ನು ಮಾತ್ರ ಓದಿದವರು ಅರಿಶಿನ ಹುಣ್ಣಿಗೆ ರಾಮಬಾಣವೆಂದೇ ತಿಳಿಯುತ್ತಾರೆ, ಜಾಹೀರಾತುಗಳಲ್ಲಿ ಎದ್ದು ಕಾಣುವುದೂ ಇಂಥ ಸಂಖ್ಯೆಗಳೇ.

ಆದರೆ ಆ ಅಧ್ಯಯನದಲ್ಲಿ ಅರಿಶಿನ ತೆಗೆದುಕೊಳ್ಳದ ಗುಂಪು ಇರಲಿಲ್ಲ, ಮತ್ತು ಹುಣ್ಣು ತನ್ನಷ್ಟಕ್ಕೆ ತಾನೇ ಮಾಯುವ ರೋಗವೂ ಹೌದು. ವಿಯೆಟ್ನಾಮಿನ ಹಲವು ಆಸ್ಪತ್ರೆಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಡ್ಯೂಡೆನಮ್ ಹುಣ್ಣಿದ್ದ 118 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 6 ಗ್ರಾಂ ಅರಿಶಿನ, ಇನ್ನೊಂದಕ್ಕೆ ಪ್ಲಾಸಿಬೊ, ಅಂದರೆ ನೋಟಕ್ಕೆ ಔಷಧದಂತೆಯೇ ಇದ್ದು ಒಳಗೆ ಮದ್ದಿಲ್ಲದ ಗುಳಿಗೆ ಕೊಟ್ಟರು. ಎಂಟು ವಾರಗಳ ನಂತರ ಅರಿಶಿನ ತಿಂದವರಲ್ಲಿ ಶೇಕಡ 27 ಮಂದಿಯ ಹುಣ್ಣು ಮಾಯ್ದಿತ್ತು. ಬರಿಯ ಗುಳಿಗೆ ನುಂಗಿದವರಲ್ಲಿ ಶೇಕಡ 29 ಮಂದಿಯದು. ಮೊದಲ ಅಧ್ಯಯನ ಹುಟ್ಟಿಸಿದ ಭರವಸೆಯನ್ನು ಎರಡನೆಯದು ಎತ್ತಿಹಿಡಿಯಲಿಲ್ಲ. ಅದರ ಬಲವಿರುವುದು ಹೋಲಿಕೆಯ ಗುಂಪಿನಲ್ಲಿ. ಅರಿಶಿನವನ್ನು ಪೂರ್ತಿ ತಳ್ಳಿಹಾಕುವುದಕ್ಕೂ ಇದು ಸಾಲದು. 2023ರಲ್ಲಿ ಥಾಯ್ಲೆಂಡಿನಿಂದಲೇ ಬಂದ ಪರೀಕ್ಷೆಯೊಂದು, ಹುಣ್ಣಿಲ್ಲದೆ ಬರುವ ಅಜೀರ್ಣದ ನೋವಿನಲ್ಲಿ ಕರ್ಕ್ಯುಮಿನ್ ಒಮೆಪ್ರಜೋಲಿನಷ್ಟೇ ಶಮನ ಕೊಟ್ಟಿತೆಂದು ವರದಿ ಮಾಡಿತು. ಆ ಪರೀಕ್ಷೆಯಲ್ಲೂ ಪ್ಲಾಸಿಬೊ ಗುಂಪು ಇರಲಿಲ್ಲವೆಂಬುದನ್ನು ಮರೆಯದೆ ಅದನ್ನು ಓದಬೇಕು. ಮನೆಮದ್ದಾಗಿ ಅರಿಶಿನದ ಹಾಲು ಕುಡಿದು ಹೊಟ್ಟೆಗೆ ಹಿತವಾಯಿತೆನ್ನುವವರ ಅನುಭವ ಸುಳ್ಳಲ್ಲವೆಂಬುದೂ, ಆ ಹಿತದಿಂದ ಹುಣ್ಣು ಮಾಯಿತೆಂದು ತೀರ್ಮಾನಿಸಲಾಗದೆಂಬುದೂ ಏಕಕಾಲಕ್ಕೆ ನಿಜವಾಗಿರಬಲ್ಲವು. ಹುಣ್ಣಿನಿಂದ ರಕ್ತ ಒಸರುತ್ತಿರುವಾಗ, ಮಲ ಡಾಂಬರಿನಂತೆ ಕಪ್ಪಾಗಿರುವಾಗ, ಈ ಭೇದವನ್ನು ಅರಿಯದಿರುವುದು ಪ್ರಾಣಕ್ಕೇ ಕುತ್ತು.

ಸಸ್ಯಮೂಲದ ಔಷಧ ಹುಣ್ಣನ್ನು ನಿಜಕ್ಕೂ ಮಾಯಿಸಬಲ್ಲದೆಂಬುದಕ್ಕೂ ಚರಿತ್ರೆಯಲ್ಲಿ ಪುರಾವೆಯಿದೆ. ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಅತಿಮಧುರ, ಜ್ಯೇಷ್ಠಮಧು ಎಂದು ಸಿಗುವ ಸಿಹಿ ಬೇರಿನ ಸಾರದಿಂದ ಹುಣ್ಣಿನ ರೋಗಿಗಳಿಗೆ ಗುಣವಾಗುತ್ತಿರುವುದನ್ನು ನೆದರ್ಲೆಂಡ್ಸಿನ ವೈದ್ಯ ರೆವರ್ಸ್ 1940ರ ದಶಕದಲ್ಲಿ ಗುರುತಿಸಿದರು. ಅವರ ರೋಗಿಗಳಲ್ಲಿ ಹಲವರಿಗೆ ಮುಖ ಮತ್ತು ಕೈಕಾಲು ಊದಿಕೊಂಡದ್ದನ್ನೂ ಅವರೇ ದಾಖಲಿಸಿದರು. ಆ ಬೇರಿನ ಅಂಶದಿಂದ ತಯಾರಾದ ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಪ್ಲಾಸಿಬೊ ಜೊತೆ ಹೋಲಿಸಿ ಪರೀಕ್ಷಿಸಿ, ಅದು ಜಠರದ ಹುಣ್ಣು ಮಾಯುವುದನ್ನು ತ್ವರಿತಗೊಳಿಸುತ್ತದೆಂದು 1962ರಲ್ಲಿ ಪ್ರಕಟಿಸಿದರು. ಸಿಮೆಟಿಡಿನ್ ಬರುವವರೆಗೆ ಅದು ವೈದ್ಯರ ಬಳಿಯಿದ್ದ ಮುಖ್ಯ ಔಷಧಗಳಲ್ಲೊಂದಾಗಿತ್ತು; ದೇಹದಲ್ಲಿ ಉಪ್ಪು ನೀರು ನಿಲ್ಲುವುದು, ರಕ್ತದೊತ್ತಡ ಏರುವುದು, ಪೊಟ್ಯಾಸಿಯಂ ಇಳಿಯುವುದು ಮುಂತಾದ ತೊಂದರೆಗಳಿಂದ ಮುಂದೆ ಮೂಲೆಗೆ ಸರಿಯಿತು. ಗುಣವನ್ನೂ ದೋಷವನ್ನೂ ಒಂದೇ ಶ್ರದ್ಧೆಯಿಂದ ಬರೆದಿಟ್ಟದ್ದರಿಂದಲೇ ಈ ಬೇರಿಗೆ ವೈದ್ಯವಿಜ್ಞಾನದಲ್ಲಿ ಸ್ಥಾನ ಸಿಕ್ಕಿತು. ‘ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮವಿಲ್ಲ’ ಎಂದು ಡಬ್ಬಿಗಳ ಮೇಲೆ ಅಚ್ಚಾಗುವ ಮಾತು ಈ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಅಡುಗೆಯಲ್ಲಿ ನಿರಪಾಯಕಾರಿಯಾದ ಅರಿಶಿನ ಕೂಡ ಸಾಂದ್ರ ಗುಳಿಗೆಯಾದಾಗ ಕೆಲವರ ಯಕೃತ್ತಿಗೆ ಹಾನಿ ಮಾಡಿರುವ ಪ್ರಕರಣಗಳು ಇಟಲಿ ಮತ್ತು ಅಮೆರಿಕದಿಂದ ವರದಿಯಾಗಿವೆ.

ಈ ಸೀಮೆಗೆ ಇನ್ನೂ ಹತ್ತಿರದ, ಆದರೆ ಕನ್ನಡದಲ್ಲಿ ಹೆಚ್ಚು ಚರ್ಚೆಯಾಗದ ಇನ್ನೊಂದು ಕೆಲಸವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಭಾರತದ ಕೆಲವು ಪ್ರದೇಶಗಳಲ್ಲಿ ಡ್ಯೂಡೆನಮ್ ಹುಣ್ಣು ತೀರ ಹೆಚ್ಚಾಗಿಯೂ ಇನ್ನು ಕೆಲವೆಡೆ ತೀರ ಕಡಿಮೆಯಾಗಿಯೂ ಇರುವುದೇಕೆ ಎಂದು ಕೇಳಿಕೊಂಡರು. ದೇಶದ ನಾನಾ ಆಸ್ಪತ್ರೆಗಳಿಂದ ಮಾಹಿತಿ ಕೂಡಿಸಿ ಅವರು 1979ರಲ್ಲಿ ಪ್ರಕಟಿಸಿದ ದೀರ್ಘ ಲೇಖನ, ಮುಖ್ಯವಾಗಿ ಪಾಲಿಶ್ ಮಾಡಿದ ಅಕ್ಕಿಯನ್ನು ಉಣ್ಣುವ ಪ್ರದೇಶಗಳಲ್ಲಿ ಹುಣ್ಣು ಹೆಚ್ಚೆಂದೂ, ಜರಡಿ ಹಿಡಿಯದ ಗೋಧಿ, ಕೆಲವು ಸಿರಿಧಾನ್ಯ ಮತ್ತು ಬೇಳೆಕಾಳುಗಳನ್ನು ತಿನ್ನುವ ಪ್ರದೇಶಗಳಲ್ಲಿ ಕಡಿಮೆಯೆಂದೂ ತೋರಿಸಿತು. ಬ್ರಿಟನ್ನಿಗೆ ಮರಳಿದ ಮೇಲೆ ಅವರು ಎ. ಪಿ. ಜಯರಾಜ್ ಮೊದಲಾದ ಸಹೋದ್ಯೋಗಿಗಳೊಡನೆ ಈ ಆಹಾರಗಳನ್ನೇ ಇಲಿಗಳ ಮೇಲೆ ಪರೀಕ್ಷಿಸಿ, ರಕ್ಷಿಸುವ ಗುಣ ಅವುಗಳ ಕೊಬ್ಬಿನ ಅಂಶದಲ್ಲಿ, ಅದರಲ್ಲೂ ಫಾಸ್ಫೊಲಿಪಿಡ್ ಮತ್ತು ಸ್ಟೆರಾಲ್ ಎಂಬ ಭಾಗಗಳಲ್ಲಿ ಇದೆಯೆಂದು ಗುರುತಿಸಿದರು. ಆ ಭಾಗಗಳನ್ನು ಅವರು ತೆಗೆದದ್ದು ಹುರುಳಿಕಾಳಿನಿಂದ. ತಾಜಾ ಅಕ್ಕಿತೌಡಿನ ಎಣ್ಣೆ ರಕ್ಷಿಸುತ್ತದೆ, ಬಹುಕಾಲ ಇಟ್ಟು ಕಮಟಾದ ತೌಡಿನ ಎಣ್ಣೆ ಹುಣ್ಣನ್ನು ಹೆಚ್ಚಿಸುತ್ತದೆ ಎಂಬುದೂ ಅವರ ಪ್ರಯೋಗಗಳಿಂದ ಹೊರಬಂದ ಸಂಗತಿ. ಸಂಗ್ರಹಿಸಿಟ್ಟ ಕಾಲಾವಧಿಯೊಂದೇ ಸಸ್ಯವಸ್ತುವಿನ ಗುಣವನ್ನು ತಲೆಕೆಳಗು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಟೋವಿಯವರ ವಾದ ಎಲ್ಲರೂ ಒಪ್ಪಿದ್ದಲ್ಲ. ಹೆಲಿಕೋಬ್ಯಾಕ್ಟರ್ ಸೋಂಕು ಭಾರತದ ಉತ್ತರ ದಕ್ಷಿಣಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿರುವಾಗ ಹುಣ್ಣು ಮಾತ್ರ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದರಿಂದ, ಬ್ಯಾಕ್ಟೀರಿಯ ಮೂಲ ಕಾರಣವಲ್ಲ, ಹುಣ್ಣು ಮಾಯದಂತೆ ಮಾಡುವ ಅಂಶ ಮಾತ್ರ ಎಂದು ಅವರು ಕೊನೆಯವರೆಗೂ ವಾದಿಸಿದರು. ನಿರ್ಮೂಲನ ಚಿಕಿತ್ಸೆಯ ಯಶಸ್ಸನ್ನು ಕಂಡ ಬಹುಪಾಲು ತಜ್ಞರು ಅದನ್ನು ಒಪ್ಪಲಿಲ್ಲ. ಅವರ ವಿವರಣೆ ಪೂರ್ತಿ ಸರಿಯಿಲ್ಲದಿದ್ದರೂ ಅವರು ಕೇಳಿದ ಪ್ರಶ್ನೆ ಇನ್ನೂ ಜೀವಂತವಾಗಿದೆ, ಏಕೆಂದರೆ ಸೋಂಕಿರುವ ನೂರು ಮಂದಿಯಲ್ಲಿ ಹುಣ್ಣಾಗುವುದು ಕೆಲವರಿಗೆ ಮಾತ್ರ. ಉಳಿದವರನ್ನು ಕಾಯುವುದು ಯಾವುದು ಎಂಬ ಪ್ರಶ್ನೆಗೆ ಆಹಾರವೂ ಒಂದು ಉತ್ತರವಾಗಿರಬಹುದು. ಹಾಗಾಗಿ ಕಾಡಿನ ಅಪರೂಪದ ಗಿಡವನ್ನು ಹುಡುಕಿ ಹೊರಡುವ ಮೊದಲು, ಮುದ್ದೆಯ ಜೊತೆ ಹುರುಳಿಕಟ್ಟಿನ ಸಾರು ಉಣ್ಣುವ ಚಾಮರಾಜನಗರದ ಮನೆಗಳಲ್ಲಿ ಈ ರೂಢಿ ಪಡಿತರದ ಅಕ್ಕಿಯ ಕಾಲದಲ್ಲಿ ಎಷ್ಟು ಕುಗ್ಗಿದೆ, ಹುಣ್ಣಿನ ರೋಗಿಗಳ ಊಟಕ್ಕೂ ಇತರರ ಊಟಕ್ಕೂ ವ್ಯತ್ಯಾಸವಿದೆಯೇ ಎಂದು ವಿಚಾರಿಸುವುದು ಹೆಚ್ಚು ವಿವೇಕದ ಸಂಶೋಧನೆ. ಅದಕ್ಕೆ ಇಲಿ ಬೇಡ. ಎಂಡೋಸ್ಕೋಪಿಗೆ ಬಂದವರನ್ನು ತಾಳ್ಮೆಯಿಂದ ಮಾತಾಡಿಸುವ ಜನ ಬೇಕು.

ಮನುಷ್ಯರ ಮೇಲಿನ ಹೊಸ ಪರೀಕ್ಷೆ ಯಾವ ರೂಪದಲ್ಲಿರಬೇಕೆಂಬುದೂ ಇದೇ ವಿವೇಕದಿಂದ ನಿರ್ಧಾರವಾಗಬೇಕು. ಸೋಂಕಿನ ಹುಣ್ಣಿಗೆ ಖಚಿತ ಚಿಕಿತ್ಸೆಯಿರುವಾಗ ರೋಗಿಯನ್ನು ಬರಿಯ ಸಸ್ಯಸಾರದ ಮೇಲೆ ಅಥವಾ ಪ್ಲಾಸಿಬೊ ಮೇಲೆ ಬಿಡುವುದು ಇಂದು ಅನೈತಿಕ. ಹೆಲಿಕೋಬ್ಯಾಕ್ಟರ್ ಜಠರದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ವರ್ಗೀಕರಿಸಿರುವಾಗ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಆದರೆ ಆ ಚಿಕಿತ್ಸೆಗೂ ಈಗ ತೊಡಕು ಬಂದಿದೆ: ಕ್ಲಾರಿಥ್ರೊಮೈಸಿನ್ ಎಂಬ ಪ್ರತಿಜೀವಕಕ್ಕೆ ಬಗ್ಗದ ಹೆಲಿಕೋಬ್ಯಾಕ್ಟರ್ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧ ತುರ್ತಾಗಿ ಬೇಕಾದ ಸೂಕ್ಷ್ಮಜೀವಿಗಳ ಪಟ್ಟಿಗೆ ಸೇರಿಸಿತು. ಈ ಚಿಕಿತ್ಸೆಯ ಇನ್ನೊಂದು ಔಷಧವಾದ ಮೆಟ್ರೋನಿಡಜೋಲ್ ಭಾರತದಲ್ಲಿ ಬೇಕಾಬಿಟ್ಟಿ ಬಳಕೆಯಿಂದ ಬಹಳಷ್ಟು ಮೊಂಡಾಗಿದೆ. ಸಸ್ಯಸಾರಕ್ಕೆ ನಿಜವಾದ ಅವಕಾಶವಿರುವುದು ಇಲ್ಲಿ. ಎಲ್ಲ ರೋಗಿಗಳಿಗೂ ನಿಯಮಿತ ಚಿಕಿತ್ಸೆ ಕೊಟ್ಟು, ಜೊತೆಗೆ ಅರ್ಧದಷ್ಟು ಮಂದಿಗೆ ಮಾಗಳಿಯ ಬಹುಶರ್ಕರವನ್ನೂ ಉಳಿದರ್ಧಕ್ಕೆ ಅದರಂತೆಯೇ ಕಾಣುವ ಪುಡಿಯನ್ನೂ ಕೊಟ್ಟು, ಯಾರಿಗೆ ಯಾವುದು ಹೋಯಿತೆಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ಇಟ್ಟು, ಕೊನೆಗೆ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಸೋಂಕು ಹೋಯಿತೇ ಎಂದು ನೋಡಿದರೆ ಒಂದು ಉತ್ತರ ಸಿಗುತ್ತದೆ. ಸಂಧಿನೋವಿಗೆ ದೀರ್ಘಕಾಲ ಮಾತ್ರೆ ನುಂಗಬೇಕಾದವರಲ್ಲಿ ಹುರುಳಿಯ ಅಂಶ ಹುಣ್ಣನ್ನು ತಡೆಯುತ್ತದೆಯೇ ಎಂದೂ ಇದೇ ಬಗೆಯಲ್ಲಿ ಕೇಳಬಹುದು. ಚಾಮರಾಜನಗರಕ್ಕೆ ಈಗ ತನ್ನದೇ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ಒಂದು ಗಂಟೆಯ ಹಾದಿಯಲ್ಲಿ ಮೈಸೂರಿನ ಆಹಾರ ಸಂಶೋಧನಾಲಯವೂ ಔಷಧವಿಜ್ಞಾನ ಕಾಲೇಜುಗಳೂ ಇವೆ. ಹತ್ತು ಸಸ್ಯಗಳ ಹತ್ತು ಇಲಿ ಅಧ್ಯಯನಗಳಿಗೆ ಹಂಚಿಹೋಗುವ ಶ್ರಮವನ್ನು ಇಂಥ ಒಂದು ಪರೀಕ್ಷೆಗೆ ಕೂಡಿಸುವುದು ಈ ಸಂಸ್ಥೆಗಳ ಶಕ್ತಿಗೆ ಮೀರಿದ್ದಲ್ಲ.

ಅದಕ್ಕೆ ಮೊದಲು ಕೈಯಲ್ಲಿರುವ ಬೇರು ಯಾವುದೆಂದು ಖಚಿತವಾಗಬೇಕು. ಶಾಸ್ತ್ರಗ್ರಂಥಗಳ ಸಾರಿವಾ ಎಂಬ ಮೂಲಿಕೆಗೆ ಸೊಗದೆ ಬೇರನ್ನು ಬಳಸಬೇಕಾದಲ್ಲಿ ಮಾಗಳಿ ಬೇರನ್ನು ಮಾರುವುದು ಗಿಡಮೂಲಿಕೆಗಳ ವ್ಯಾಪಾರದಲ್ಲಿ ತೀರ ಸಾಮಾನ್ಯ. ಎರಡೂ ಒಂದೇ ಕುಟುಂಬದ ಘಮಘಮಿಸುವ ಬೇರುಗಳಾದರೂ ಬೇರೆ ಬೇರೆ ಸಸ್ಯಗಳು. ಕೇಂದ್ರ ಸರ್ಕಾರ 2015ರ ನವೆಂಬರಿನಲ್ಲಿ ಔಷಧ ನಿಯಮಗಳಿಗೆ ಸೇರಿಸಿದ ಫೈಟೋಫಾರ್ಮಸ್ಯೂಟಿಕಲ್ ಎಂಬ ವರ್ಗ ಈ ಗೊಂದಲಕ್ಕೆ ಒಂದು ದಾರಿ ತೋರಿಸುತ್ತದೆ: ಸಾರವನ್ನು ಶುದ್ಧೀಕರಿಸಿ, ಅದರಲ್ಲಿ ಕನಿಷ್ಠ ನಾಲ್ಕು ಸಸ್ಯರಾಸಾಯನಿಕಗಳ ಪ್ರಮಾಣವನ್ನು ಅಳೆದು ನಿಗದಿಪಡಿಸಿ, ಹೊಸ ಔಷಧದಂತೆಯೇ ಸುರಕ್ಷತೆಯನ್ನೂ ಪರಿಣಾಮವನ್ನೂ ಸಾಬೀತುಮಾಡಿದರೆ ಅದಕ್ಕೆ ಪರವಾನಗಿ ಸಿಗುತ್ತದೆ. ಗ್ರಂಥೋಕ್ತ ಆಯುರ್ವೇದ ಔಷಧಗಳಿಗೆ ಇಂಥ ಹೊಸ ಪುರಾವೆಯ ಅಗತ್ಯವಿಲ್ಲದ್ದರಿಂದ ತಯಾರಕರು ಸುಲಭದ ದಾರಿಯನ್ನೇ ಹಿಡಿಯುತ್ತಾರೆ. ಕಠಿಣ ದಾರಿಯಲ್ಲಿ ನಡೆಯಬೇಕಾದ್ದು ಸಾರ್ವಜನಿಕ ಹಣದ ಸಂಸ್ಥೆಗಳೇ.

ಇಷ್ಟೆಲ್ಲ ನಡೆದು ಮಾಗಳಿ ನಿಜಕ್ಕೂ ಗುಣಕಾರಿಯೆಂದು ಸಾಬೀತಾದರೆ ಆಗ ಹೊಸ ಅಪಾಯವೊಂದು ಎದುರಾಗುತ್ತದೆ. ನೆಲ್ಲಿಯಲ್ಲಿ ಕಾಯಿ ಕಿತ್ತರೆ ಮರ ಉಳಿಯುತ್ತದೆ. ಮಾಗಳಿಯಲ್ಲಿ ಬೇಕಾದದ್ದು ಬೇರೇ ಆದ್ದರಿಂದ ಅಗೆದರೆ ಬಳ್ಳಿ ಸಾಯುತ್ತದೆ. ಉಪ್ಪಿನಕಾಯಿ ಮತ್ತು ಪಾನಕದ ಬೇಡಿಕೆಗೇ ಇದು ಕಾಡುಗಳಲ್ಲಿ ವಿರಳವಾಗಿ, ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಸಸ್ಯವಾಗಿ ಸೇರಿದೆ. ಅಂಗಾಂಶ ಕೃಷಿಯಿಂದ ಇದರ ಸಸಿ ಬೆಳೆಸುವ ವಿಧಾನವನ್ನು ಮೈಸೂರಿನ ಅದೇ ಆಹಾರ ಸಂಶೋಧನಾ ಸಂಸ್ಥೆ ರೂಪಿಸಿರುವುದರಿಂದ, ಪರೀಕ್ಷೆಗೆ ಬೇಕಾದ ಬೇರು ಮೊದಲ ದಿನದಿಂದಲೇ ಹೊಲದಲ್ಲಿ ಬೆಳೆದದ್ದಾಗಿರಬೇಕೆಂದು ವಿಧಿಸಲು ಸಾಧ್ಯವಿದೆ. ಕಾಡಿನ ಬೇರಿನ ಗುಣ ಹೊಲದ ಬೇರಿಗೂ ಇದೆಯೇ ಎಂಬುದು ಆಗ ಪರೀಕ್ಷೆಯ ಭಾಗವೇ ಆಗುತ್ತದೆ.

ಈ ಕಾಡುಗಳಲ್ಲಿ ತಲೆಮಾರುಗಳಿಂದ ಬದುಕಿರುವ ಸೋಲಿಗರ ಪಾಲು ಏನು ಎಂಬ ಪ್ರಶ್ನೆಯನ್ನು ಪರೀಕ್ಷೆ ಮುಗಿದ ಮೇಲೆ ಕೇಳುವುದು ತಡವಾದೀತು. ಬಿಳಿಗಿರಿರಂಗನ ಬೆಟ್ಟದಲ್ಲಿ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದು 2006ರಲ್ಲಿ ನಿಂತುಹೋಗಿ ಅವರ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಪತ್ರಗಳು ಸಿಕ್ಕ ಮೇಲೆ ಆ ಕಾಡಿನ ಉತ್ಪನ್ನಗಳ ಮೇಲೆ ಅವರಿಗೆ ಕಾನೂನಿನ ಅಧಿಕಾರ ಬಂದಿದೆ. ನೆರೆಯ ಕೇರಳದಲ್ಲಿ ಕಾಣಿ ಬುಡಕಟ್ಟಿನವರು ತೋರಿಸಿಕೊಟ್ಟ ಆರೋಗ್ಯಪಚ್ಚ ಎಂಬ ಸಸ್ಯದಿಂದ ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ‘ಜೀವನಿ’ ಎಂಬ ಔಷಧ ರೂಪಿಸಿ, ಅದರ ಪರವಾನಗಿ ಹಣದಲ್ಲಿ ಅರ್ಧವನ್ನು ಆ ಸಮುದಾಯದ ಟ್ರಸ್ಟಿಗೆ ಕೊಟ್ಟದ್ದು ಈ ದಿಸೆಯಲ್ಲಿ ದೇಶದ ಮೊದಲ ಪ್ರಯತ್ನಗಳಲ್ಲೊಂದು. ಔಷಧದ ಪರವಾನಗಿ ಕೊಟ್ಟಾದ ಮೇಲೆ ಕಟ್ಟಿದ ಟ್ರಸ್ಟ್ ಅದಾಗಿದ್ದರಿಂದ ಬುಡಕಟ್ಟಿನೊಳಗೇ ಭಿನ್ನಾಭಿಪ್ರಾಯಗಳೂ ಬಂದವು. ಚಾಮರಾಜನಗರದಲ್ಲಿ ಆ ಕ್ರಮ ತಿರುಗುಮುರುಗಾಗಬೇಕು: ಸಸ್ಯದ ಮಾದರಿಯನ್ನು ತೆಗೆಯುವ ಮೊದಲೇ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಗ್ರಾಮಸಭೆಯ ಒಪ್ಪಿಗೆ, ಲಾಭ ಬಂದರೆ ಹಂಚಿಕೆಯ ಬರಹ, ಸಸಿಗಳನ್ನು ಬೆಳೆಸುವ ಕೆಲಸ ಮೊದಲು ಸೋಲಿಗರ ಸಹಕಾರ ಸಂಘಗಳಿಗೇ. ಪರೀಕ್ಷೆಯ ಫಲಿತಾಂಶ ಮಾಗಳಿಯ ಪರವಾಗಿ ಬರಲಿ, ವಿಯೆಟ್ನಾಮಿನ ಅರಿಶಿನದಂತೆ ವಿರುದ್ಧವಾಗಿಯೇ ಬರಲಿ, ಅದನ್ನು ಅದೇ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳುವ ಹೊಣೆಯೂ ಸಂಶೋಧಕರ ಒಪ್ಪಂದದಲ್ಲೇ ಬರೆದಿರಬೇಕು.